ಹತಾರ ಮತ್ತು ಪಟ್ಟಿ: ಹಲಗಲಿ ಬೇಡರ ಲಾವಣಿಯ ಒಂದು ಓದು

ಗೆದ್ದವನು ಸೋತವನ ಆಯುಧವನ್ನು ಕೈಗೆತ್ತಿಕೊಳ್ಳುವುದು ಯುದ್ಧದಷ್ಟೇ ಹಳೆಯ ರೂಢಿ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಸೈನ್ಯದ ರಾಕೆಟ್ಟುಗಳು ಇಂಗ್ಲಿಷರ ವಶವಾಗಿ, ಅವುಗಳಲ್ಲಿ ಕೆಲವು ಇಂಗ್ಲೆಂಡಿನ ವುಲಿಚ್ ಆಯುಧಾಗಾರವನ್ನು ಸೇರಿದವು. ಅವುಗಳ ಮಾದರಿಯಿಂದ ಪ್ರೇರಿತನಾಗಿ ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್ಟುಗಳು 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಸುರಿದವು. ಕಾವೇರಿ ತೀರದ ಆಯುಧವೊಂದು ಶತ್ರುವಿನ ಕೈಸೇರಿ, ಅದನ್ನು ಕಂಡೂ ಕೇಳಿಯೂ ಇರದ ಜನರ ಮನೆಗಳನ್ನು ಸುಟ್ಟ ಈ ಪ್ರಸಂಗವನ್ನು ಸೈನಿಕ ಚರಿತ್ರೆಕಾರರು ವಿಸ್ತಾರವಾಗಿ ವಿವೇಚಿಸಿದ್ದಾರೆ. ಅದೇ ಸರಕಾರ ಅರ್ಧ ಶತಮಾನದ ತರುವಾಯ ಘಟಪ್ರಭೆಯ ಸೀಮೆಯಲ್ಲಿ ಆಯುಧಗಳನ್ನು ವಶಪಡಿಸಿಕೊಳ್ಳಲು ಹೊರಟ ಪ್ರಸಂಗವಾದರೋ ಇದಕ್ಕೆ ತದ್ವಿರುದ್ಧವಾದುದು. ಅಲ್ಲಿ ಯುದ್ಧದ ಕೊನೆಗೆ ಆಯುಧ ವಶವಾಗಲಿಲ್ಲ. ಆಯುಧವನ್ನು ವಶಪಡಿಸಿಕೊಳ್ಳುವ ಆಜ್ಞೆಯೇ ಯುದ್ಧವನ್ನು ಹುಟ್ಟಿಸಿತು. 1857ರ ನವೆಂಬರದಲ್ಲಿ ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ನಡೆದ ಈ ದಂಗೆಯನ್ನು ಕುರಿತ ಲಾವಣಿಯು ಕನ್ನಡ ಜಾನಪದ ಸಾಹಿತ್ಯದಲ್ಲಿ ಬಹುಚರ್ಚಿತವಾದ ಕೃತಿ. ಆದರೆ ಚರ್ಚೆಯು ಹೆಚ್ಚಾಗಿ ಅದರ ದೇಶಭಕ್ತಿಯನ್ನು ಕುರಿತದ್ದೇ ಹೊರತು ಅದರ ರಚನೆಯನ್ನು ಕುರಿತದ್ದಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಇಂದು ಬಾಗಲಕೋಟೆ ಜಿಲ್ಲೆಯ ನೆರೆಹೊರೆಯ ಊರುಗಳು. 1857ರಲ್ಲಿ ಅವು ಬೇರೆ ಬೇರೆ ಒಡೆತನದವು. ಜಮಖಂಡಿಯು ಪಟವರ್ಧನರದು, ಬನಹಟ್ಟಿಯು ಅವರ ಸಂಸ್ಥಾನಕ್ಕೆ ಸೇರಿದ್ದು, ಅದಕ್ಕೆ ಅಂಟಿಕೊಂಡೇ ಇರುವ ರಬಕವಿಯು ಸಾಂಗಲಿ ಸಂಸ್ಥಾನದ್ದು, ಮುಧೋಳವು ಘೋರ್ಪಡೆಯವರದು, ಬೀಳಗಿಯಾದರೋ ನೇರವಾಗಿ ಕುಂಪಣಿಯ ಆಡಳಿತಕ್ಕೊಳಪಟ್ಟದ್ದು. ಒಂದು ಹರದಾರಿ ನಡೆದರೆ ದೊರೆ ಬದಲಾಗುತ್ತಿದ್ದ ಇಂಥ ಸೀಮೆಯಲ್ಲಿ ಬೇಡರು ಊರಕಾವಲು, ಬೇಟೆ ಹಾಗೂ ಸಂಸ್ಥಾನಿಕರ ದಂಡಿನ ಚಾಕರಿಗಳನ್ನು ಕಟ್ಟಿಕೊಂಡು ಬದುಕಿದವರು. ಮುಧೋಳದಿಂದ ಬೀಳಗಿಯತ್ತ ಹಬ್ಬಿದ ಕುರುಚಲು ಗುಡ್ಡಗಳೇ ಅವರ ನೆಲೆ. ಚಿಂಕಾರಗಳು ಇನ್ನೂ ಉಳಿದಿರುವ ಆ ಗುಡ್ಡಗಳ ಒಂದು ಭಾಗವನ್ನು 2016ರಲ್ಲಿ ಯಡಹಳ್ಳಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು ಎಂಬುದರಿಂದ ಅದು ಎಂಥ ಬೇಟೆಯ ನೆಲವೆಂಬುದನ್ನು ಊಹಿಸಬಹುದು. ಇಲ್ಲಿಯ ಬೇಡನಿಗೆ ಕತ್ತಿಯೂ ಬಂದೂಕೂ ವೃತ್ತಿಯ ಉಪಕರಣಗಳು.

1857ರ ನಿಶ್ಶಸ್ತ್ರೀಕರಣದ ಕಾಯಿದೆಯು ಈ ಉಪಕರಣಗಳನ್ನು ನೋಂದಾಯಿಸಿ ಪರವಾನಿಗೆ ಪಡೆಯಬೇಕು, ಇಲ್ಲವೇ ಒಪ್ಪಿಸಬೇಕು ಎಂದು ವಿಧಿಸಿತು. ಹಲಗಲಿಯ ಬೇಡರು ಒಪ್ಪಲಿಲ್ಲ. ಮಂಟೂರು ಮೊದಲಾದ ಸುತ್ತಲಿನ ಹಳ್ಳಿಗಳವರೂ ಅಲ್ಲಿ ಬಂದು ಕೂಡಿಕೊಂಡರು. ನವೆಂಬರ 29ರ ರಾತ್ರಿ ಕುದುರೆಯ ದಂಡು ಊರನ್ನು ಸುತ್ತುವರಿಯಿತು. 30ರಂದು ಊರು ಬೆಂಕಿಗೆ ಆಹುತಿಯಾಯಿತು. ಸತ್ತವರು ನೂರರ ಆಸುಪಾಸು, ಸೆರೆಯಾದವರು 290 ಜನ. ವಿಚಾರಣೆಯ ತರುವಾಯ 19 ಜನರಿಗೆ ಗಲ್ಲಾಯಿತು: ಡಿಸೆಂಬರ 11ರಂದು ಮುಧೋಳದಲ್ಲಿ 13 ಜನರಿಗೆ, 14ರಂದು ಹಲಗಲಿಯಲ್ಲಿಯೇ ಉಳಿದ 6 ಜನರಿಗೆ. ಕಾಯಿದೆ ಹೊರಟು ಸುಮಾರು ಮೂರು ತಿಂಗಳಲ್ಲಿ ಎಲ್ಲವೂ ಮುಗಿದಿತ್ತು.

ಈ ಘಟನೆಯನ್ನು ಹಾಡಿದ ಲಾವಣಿಯನ್ನು ಬರಹಕ್ಕಿಳಿಸಿ ಪ್ರಕಟಿಸಿದವನು ಶಾಸನತಜ್ಞ ಜಾನ್ ಫೇತ್‌ಫುಲ್ ಫ್ಲೀಟ್. ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ 1885ರಿಂದ ಆತ ಬಿಡಿಬಿಡಿಯಾಗಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಇದೂ ಒಂದು. ಸಂಗೊಳ್ಳಿ ರಾಯಣ್ಣನ ಲಾವಣಿಯೂ ಅದೇ ಗುಚ್ಛದಲ್ಲಿದೆ. ಕೊನೆಯಲ್ಲಿ ಬರುವ ಕುರ್ತಕೋಟಿಯ ಕಲ್ಮೇಶನ ಅಂಕಿತದಿಂದ ಲಾವಣಿಕಾರನ ನೆಲೆ ಗದಗಿನ ಕಡೆಯದೆಂದು ತಿಳಿಯುತ್ತದೆ. ಹಾಗಾದರೆ ಹಾಡು ಕಟ್ಟಿದವನು ಹಲಗಲಿಯವನಲ್ಲ. ಸುದ್ದಿಯು ಘಟಪ್ರಭೆ ಮಲಪ್ರಭೆಗಳನ್ನು ದಾಟಿ ಆತನಿಗೆ ತಲುಪಿದೆ. ಈ ದೂರವು ಲಾವಣಿಯ ಗುಣಕ್ಕೂ ದೋಷಕ್ಕೂ ಸಮಾನವಾಗಿ ಕಾರಣವಾಗಿದೆ.

ದೋಷವನ್ನು ಮೊದಲು ಹೇಳುವುದು ಲೇಸು. ಪೂಜೇರಿ ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ನಾಯಕರು ಲಾವಣಿಯಲ್ಲಿ ಹೆಸರುಗಳಾಗಿ ಬರುತ್ತಾರೆಯೇ ಹೊರತು ಒಬ್ಬನಿಂದೊಬ್ಬನನ್ನು ಬೇರ್ಪಡಿಸುವ ವ್ಯಕ್ತಿತ್ವಗಳಾಗಿ ಅಲ್ಲ. ಕಾಳಗದ ವರ್ಣನೆಯು ಬಯಲಾಟದ ಸಿದ್ಧ ಎರಕದ್ದು. ಯಾವ ವೀರನಿಗೆ ಹೊಂದಿಸಿದರೂ ಹೊಂದಿಕೊಳ್ಳುವಂಥದ್ದು. ಇಂಗ್ಲಿಷ್ ಅಧಿಕಾರಿಗಳ ಹೆಸರುಗಳಲ್ಲಿಯೂ ಇಂಥದೇ ಮಬ್ಬು ಇದೆ. ಆ ಕಾಲದಲ್ಲಿ ದಕ್ಷಿಣ ಮರಾಠಾ ಪ್ರದೇಶದ ಪೊಲಿಟಿಕಲ್ ಏಜೆಂಟನಾಗಿದ್ದವನು ಸೆಟನ್-ಕಾರ್. ಅಲ್ಲಿಯ ಕುದುರೆಯ ದಂಡಿನ ಅಧಿಕಾರಿಗಳಲ್ಲಿ ಕೆರ್ ಎಂಬವನೂ ಇದ್ದನು. ಲಾವಣಿಯಲ್ಲಿರುವುದು ಒಬ್ಬನೇ 'ಕಾರ್ ಸಾಹೇಬ'. ಹಾಡುಗಾರನ ಕಿವಿಗೆ ಇಬ್ಬರೂ ಒಂದೇ ಆಗಿ ಕೇಳಿಸಿದ್ದರೆ ಅದು ಅಸಹಜವಲ್ಲ. ಬೆಂಕಿ ಹಚ್ಚಿಸಿಕೊಂಡ ಊರಿಗೂ ಆ ವ್ಯತ್ಯಾಸ ಮುಖ್ಯವಾಗಿರಲಾರದು. ಆದರೆ ಲಾವಣಿಯನ್ನು ಸಾಕ್ಷ್ಯವಾಗಿ ಬಳಸುವ ಇತಿಹಾಸಕಾರನು ಈ ಬಗೆಯ ಎಡೆಗಳಲ್ಲಿ ಎಚ್ಚರದಿಂದಿರಬೇಕಾಗುತ್ತದೆ.

ಲಾವಣಿಯ ಸತ್ತ್ವ ಇರುವುದು ವೀರವರ್ಣನೆಯಲ್ಲಿ ಅಲ್ಲ, ಅದರ ಭಾಷೆಯಲ್ಲಿ. ಅದು ತನ್ನ ಕಥೆಯನ್ನು ವೀರನ ಹುಟ್ಟಿನಿಂದ ಆರಂಭಿಸುವುದಿಲ್ಲ, ಒಂದು ಸರಕಾರಿ ಹುಕುಮಿನಿಂದ ಆರಂಭಿಸುತ್ತದೆ. ವಿಲಾತಿ, ಹುಕುಂ, ಕುಂಪಣಿ, ಹತಾರ, ಕಾರಕೂನ, ಸಿಪಾಯಿ, ಸಾಹೇಬ ಇವೆಲ್ಲ ಕಚೇರಿ ಮತ್ತು ಛಾವಣಿಗಳ ಮೂಲಕ ಹಳ್ಳಿಗೆ ಬಂದ ಶಬ್ದಗಳು. ಆಳುವವರ ಬಾಯಿಂದ ಇಳಿದು ಆಳಿಸಿಕೊಳ್ಳುವವರ ಕಿವಿಗೆ ಬಿದ್ದಂಥವು. ಲಾವಣಿ ಎಂಬ ಪ್ರಕಾರವೂ ಮರಾಠಿ ನಾಡಿನೊಡನೆ ಬೆಳೆದುಬಂದುದೇ. ಸರಕಾರವು ಜನರ ಹತಾರಗಳನ್ನು ಕೇಳಿತು. ಲಾವಣಿಕಾರನು ಸರಕಾರದ ಶಬ್ದಗಳನ್ನು ತೆಗೆದುಕೊಂಡನು. ತೆಗೆದುಕೊಂಡು ಅವುಗಳಿಂದಲೇ ಸರಕಾರದ ಮೇಲೆ ದೂರು ಕಟ್ಟಿದನು. ವಶಪಡಿಸಿಕೊಂಡ ಶತ್ರುವಿನ ಆಯುಧದಿಂದ ಕಾದುವ ಸೈನಿಕನನ್ನು ಈ ಲಾವಣಿಯಲ್ಲಿ ಹುಡುಕುವುದಾದರೆ ಆತನನ್ನು ಗುಡ್ಡದಲ್ಲಿ ಹುಡುಕಬೇಕಿಲ್ಲ, ಡಪ್ಪು ಹಿಡಿದು ನಿಂತ ಹಾಡುಗಾರನಲ್ಲಿ ಕಾಣಬಹುದು.

ಇದು ಕೇವಲ ಅಲಂಕಾರದ ಮಾತಾಗದಿರಬೇಕಾದರೆ 'ಹತಾರ' ಎಂಬ ಒಂದು ಶಬ್ದವನ್ನು ಸೂಕ್ಷ್ಮವಾಗಿ ನೋಡಬೇಕು. ಕಾಯಿದೆಯ ದೃಷ್ಟಿಯಲ್ಲಿ ಹತಾರವೆಂದರೆ ಶಸ್ತ್ರ: ಕೊಲ್ಲಬಲ್ಲ ವಸ್ತು. ಉತ್ತರ ಕರ್ನಾಟಕದ ಆಡುಮಾತಿನಲ್ಲಿಯಾದರೋ ಆ ಶಬ್ದದ ವ್ಯಾಪ್ತಿ ದೊಡ್ಡದು. ಬಡಗಿಯ ಬಾಚಿ-ಉಳಿಗಳು ಹತಾರ. ಕಂಬಾರನ ಸುತ್ತಿಗೆ-ಇಕ್ಕಳಗಳು ಹತಾರ. ಒಕ್ಕಲಿಗನ ಕುಡಗೋಲು ಹತಾರ. ಕೈಗೆ ಕೆಲಸ ಕೊಡುವುದೆಲ್ಲ ಹತಾರವೇ. ನವರಾತ್ರಿಯ ಖಂಡೇಪೂಜೆಯ ದಿನ ಮನೆಯ ಕತ್ತಿಯನ್ನೂ ಹೊಲದ ಕುಡಗೋಲನ್ನೂ ಒಂದೇ ಮಣೆಯ ಮೇಲಿಟ್ಟು ಕುಂಕುಮ ಹಚ್ಚುವ ರೂಢಿಯಲ್ಲಿ ಇದೇ ತಿಳಿವಳಿಕೆ ಇದೆ. ರಬಕವಿ-ಬನಹಟ್ಟಿಗಳ ನೇಕಾರರಿಗೆ ಆ ದಿನ ಮಗ್ಗವೇ ಆಯುಧ. ಕೊಲ್ಲುವ ಉಪಕರಣ, ದುಡಿಯುವ ಉಪಕರಣ ಎಂಬ ಗೆರೆಯನ್ನು ಎಳೆಯುವುದು ಕಾಯಿದೆ. ಹಬ್ಬವೂ ಆಡುಮಾತೂ ಅದನ್ನು ಎಳೆದಿಲ್ಲ. ಹೀಗಿರುವಾಗ 'ಹತಾರ ಒಪ್ಪಿಸಿ' ಎಂಬ ಆಜ್ಞೆಯು ಹಲಗಲಿಯ ಕಿವಿಗೆ ಬಿದ್ದದ್ದು ಎಷ್ಟು ಅರ್ಥದಲ್ಲಿ? ಹತಾರ ಹೋದ ಮೇಲೆ ಜೀವವೂ ಹೋದಂತೆಯೇ ಎಂಬ ಆಶಯದ ಮಾತನ್ನು ಲಾವಣಿಯು ಬೇಡರ ಬಾಯಲ್ಲಿ ಇಡುತ್ತದೆ. ಇದನ್ನು ಕೆಚ್ಚಿನ ನುಡಿಯೆಂದು ಮಾತ್ರ ಓದುವುದು ವಾಡಿಕೆಯಾಗಿದೆ. ಅದು ಕೆಚ್ಚಿನ ನುಡಿ ಎಷ್ಟೋ, ಬದುಕಿನ ಲೆಕ್ಕಾಚಾರವೂ ಅಷ್ಟೇ. ಬೇಟೆಯೂ ಕಾವಲೂ ತಪ್ಪಿದ ಬೇಡನಿಗೆ ಉಳಿಯುವುದು ಏನು ಎಂಬ ಪ್ರಶ್ನೆ ಅದರಲ್ಲಿದೆ.

ಲಾವಣಿಯ ಕೊನೆಯ ಭಾಗವು ಈ ಪ್ರಶ್ನೆಗೆ ಭೀಕರವಾದ ಉತ್ತರವನ್ನು ಕೊಡುತ್ತದೆ. ಊರು ಬಿದ್ದ ಮೇಲೆ ದಂಡಿನವರು ಹೊತ್ತೊಯ್ದ ವಸ್ತುಗಳನ್ನು ಲಾವಣಿಕಾರನು ಒಂದರ ಹಿಂದೊಂದು ಹೆಸರಿಸುತ್ತ ಹೋಗುತ್ತಾನೆ. ಅಲ್ಲಿ ಕತ್ತಿ ಬಂದೂಕುಗಳ ಸುದ್ದಿಯಿಲ್ಲ. ಇರುವುದು ದನಕರು, ಕೊಡಲಿ, ಹೈನು, ಅಡುಗೆಮನೆಯ ಕಿರಾಣಿ, ಊಟದ ಪಾತ್ರೆಗಳು, ಹೆಂಗಸಿನ ಕೊರಳ ತಾಳಿ, ಕೊನೆಗೆ ಬೀಸುಕಲ್ಲು. ಆರಂಭದ ಹುಕುಂ ಕೇಳಿದ್ದು ಒಂದೇ ಶಬ್ದದ ವಸ್ತುವನ್ನು. ಕೊನೆಯಲ್ಲಿ ಹೋದದ್ದು ಮನೆಯ ಒಳಗಿನ ಸಮಸ್ತವನ್ನು. ಹತಾರದ ವಿಶಾಲಾರ್ಥವೇ ಇಲ್ಲಿ ನೆರವೇರಿದಂತಾಗಿದೆ. ಕಾಯಿದೆಯು ಎಳೆದ ಗೆರೆಯನ್ನು ಕಾಯಿದೆಯ ದಂಡೇ ಅಳಿಸಿತು ಎಂದು ಲಾವಣಿಕಾರನು ಎಲ್ಲಿಯೂ ಹೇಳುವುದಿಲ್ಲ. ವಸ್ತುಗಳ ಹೆಸರುಗಳನ್ನು ಹೇಳುತ್ತಾನೆ, ಅಷ್ಟೆ.

ಪಟ್ಟಿಯೆಂಬುದು ಮೂಲತಃ ಸರಕಾರದ ಪ್ರಕಾರ. ಯಾರ ಮನೆಯಲ್ಲಿ ಎಷ್ಟು ಕತ್ತಿ, ಎಷ್ಟು ಬಂದೂಕು ಎಂದು ಬರೆದಿಡುವುದು ನಿಶ್ಶಸ್ತ್ರೀಕರಣದ ಮೊದಲ ಕೆಲಸ. ಕಾರಕೂನನು ಊರಿಗೆ ಬರುವುದೇ ಅದಕ್ಕಾಗಿ. ಲಾವಣಿಯಲ್ಲಿ ಬೇಡರು ಆ ಕಾರಕೂನನ ಕಪಾಳಕ್ಕೆ ಬಾರಿಸಿ ಅಟ್ಟುತ್ತಾರೆ. ಅವನ ಪಟ್ಟಿ ಪೂರ್ಣವಾಗುವುದಿಲ್ಲ. ಅವನು ಬರೆಯದೆ ಬಿಟ್ಟ ಪಟ್ಟಿಯನ್ನು ಕೊನೆಯಲ್ಲಿ ಲಾವಣಿಕಾರನು ತಾನು ಪೂರ್ಣಗೊಳಿಸುತ್ತಾನೆ. ಆದರೆ ಅದೀಗ ಬೇಡರು ಒಪ್ಪಿಸಿದ ಶಸ್ತ್ರಗಳ ಪಟ್ಟಿಯಲ್ಲ, ಸರಕಾರ ಕದ್ದ ಸಾಮಾನುಗಳ ಪಟ್ಟಿ. ಜಪ್ತಿಯ ದಾಖಲೆಯ ಒಣ ಕ್ರಮವನ್ನೇ, ವಿಶೇಷಣವಿಲ್ಲದೆ ವಸ್ತುವಿನ ಪಕ್ಕಕ್ಕೆ ವಸ್ತುವನ್ನಿಡುವ ಆ ಕ್ರಮವನ್ನೇ ಆತನು ಬಳಸಿದ್ದಾನೆ. ಶೋಕವನ್ನು ಹೇಳಲು ಶೋಕದ ಶಬ್ದಗಳನ್ನು ಹುಡುಕದೆ ಇರುವುದು ಸಾಮಾನ್ಯ ಹಾಡುಗಾರನಿಗೆ ಸಾಧ್ಯವಾಗುವಂಥದಲ್ಲ. ಕಾಳಗದ ಭಾಗದಲ್ಲಿ ಸಿದ್ಧ ಎರಕಕ್ಕೆ ಜೋತುಬಿದ್ದ ಅದೇ ಕವಿ ಇಲ್ಲಿ ಎರಕವನ್ನು ಒಡೆದಿದ್ದಾನೆ.

ಬೀಸುಕಲ್ಲನ್ನು ಕುರಿತು ಒಂದು ಮಾತು. ಕುದುರೆಯ ಮೇಲೆ ಬಂದ ಸಿಪಾಯಿಗೆ ಬೀಸುಕಲ್ಲಿನಿಂದ ಆಗಬೇಕಾದದ್ದೇನು? ಅದು ಭಾರವಾದ ವಸ್ತು, ಅಗ್ಗದ ವಸ್ತು, ಮಾರಿದರೆ ಹಣ ಬಾರದ ವಸ್ತು. ಲೂಟಿಯ ವಾಸ್ತವದಲ್ಲಿ ಅದು ಹೋಯಿತೋ ಇಲ್ಲವೋ ಎಂಬ ವಿಚಾರವನ್ನು ಬದಿಗಿಡಬಹುದು. ಕಾವ್ಯದ ವಾಸ್ತವದಲ್ಲಿ ಅದು ಹೋಗಲೇಬೇಕಾಗಿತ್ತು. ಬೆಳಗಿನ ಜಾವದ ಬೀಸುವ ಪದಗಳು ಹುಟ್ಟುವುದು ಅದರ ಮುಂದೆ. ಜೋಳವು ಹಿಟ್ಟಾಗುವುದು ಅದರಿಂದ. ಗಂಡಸಿನ ಹತಾರದಿಂದ ಮೊದಲಾದ ಕಥೆಯು ಹೆಣ್ಣಿನ ಹತಾರದಲ್ಲಿ ಬಂದು ನಿಲ್ಲುತ್ತದೆ. ವೀರಗೀತೆಯೆಂದು ಕರೆಯಲ್ಪಡುವ ಈ ಕೃತಿಯು ಕೊನೆಗೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಮಾತಾಡುತ್ತಿದೆ ಎಂಬುದನ್ನು ಗುರುತಿಸದಿದ್ದರೆ ಅದರ ಅರ್ಧಾಂಶ ಕೈತಪ್ಪುತ್ತದೆ. ಹತ್ತನೆಯ ತರಗತಿಯ ಪಠ್ಯವಾಗಿ ರಾಜ್ಯದಾದ್ಯಂತ ಓದಿಸಲ್ಪಟ್ಟ ಈ ಲಾವಣಿಯಲ್ಲಿ ವಿದ್ಯಾರ್ಥಿಗಳು ಬಾಯಿಪಾಠ ಮಾಡಿದ್ದು ನಾಲ್ವರು ನಾಯಕರ ಹೆಸರುಗಳನ್ನು. ಲೂಟಿಯಾದ ವಸ್ತುಗಳು ಒಂದು ಅಂಕದ ಪ್ರಶ್ನೆಯಷ್ಟಕ್ಕೆ ಉಳಿದವು.

ಹೆಬಲಕ್ ಸಾಹೇಬನ ಪ್ರಸಂಗವನ್ನೂ ಈ ಬೆಳಕಿನಲ್ಲಿ ನೋಡಬೇಕು. ಆತನು ಬೇಡರ ಮುಂದೆ ಬಂದು ಬುದ್ಧಿ ಹೇಳುತ್ತಾನೆ. ಅದಕ್ಕೆ ಜಡಗನ ಉತ್ತರ ಗುಂಡು. ಕೇವಲ ಸ್ತುತಿ ಕಟ್ಟುವ ಕವಿಯಾಗಿದ್ದರೆ ಮಾತಾಡಲು ಬಂದವನ ಮೇಲೆ ಗುಂಡು ಹಾರಿಸಿದ ಸಂಗತಿಯನ್ನು ಮರೆಮಾಚುತ್ತಿದ್ದನು, ಅಥವಾ ಹೆಬಲಕನ ಮಾತಿನಲ್ಲಿ ವಿಷವನ್ನು ತುಂಬುತ್ತಿದ್ದನು. ಲಾವಣಿಕಾರನು ಎರಡನ್ನೂ ಮಾಡಿಲ್ಲ. ಬುದ್ಧಿಮಾತು ಬುದ್ಧಿಮಾತಾಗಿಯೇ ಇದೆ. ಅಪನಂಬಿಕೆಯು ಅಪನಂಬಿಕೆಯಾಗಿಯೇ ಇದೆ. ಹತಾರ ಕೆಳಗಿಟ್ಟ ಮೇಲೆ ಮಾತಿಗೆ ಬೆಲೆ ಉಳಿಯುವುದಿಲ್ಲ ಎಂಬ ಬೇಡರ ತಿಳಿವಳಿಕೆ ಸರಿಯೋ ತಪ್ಪೋ ಎಂಬುದನ್ನು ಆತನು ತೀರ್ಮಾನಿಸಲು ಹೋಗುವುದಿಲ್ಲ. ದೂರದಲ್ಲಿ ನಿಂತವನಿಗೆ ದಕ್ಕುವ ನ್ಯಾಯಬುದ್ಧಿ ಇದು.

ಆಯುಧವು ಕೈಬದಲಾಯಿಸುವ ಸಂದರ್ಭವು ಈ ಭಾಗದ ಬೇರೆ ಕಥನಗಳಲ್ಲಿಯೂ ನಿರ್ಣಾಯಕವಾಗಿದೆ. ಸಂಗೊಳ್ಳಿ ರಾಯಣ್ಣನನ್ನು ಕುರಿತ ಜನಪದ ಕಥನದಲ್ಲಿ ಆತನು ಸೆರೆಯಾಗುವುದು ಕಾಳಗದಲ್ಲಲ್ಲ. ಹಳ್ಳದಲ್ಲಿ ಜಳಕಕ್ಕೆ ಇಳಿದಾಗ ದಡದಲ್ಲಿಟ್ಟ ಖಡ್ಗವು ನಂಬಿದವನ ಕೈಗೆ ಹೋಗುವುದರಿಂದ. ಖಡ್ಗವು ಯಾರ ಕೈಯಲ್ಲಿದೆ ಎಂಬುದರ ಮೇಲೆ ಇಡೀ ಕಥೆ ತಿರುಗುತ್ತದೆ. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನೂ ಭೂಮಿಯ ಉಂಬಳಿಗೆ ಪ್ರತಿಯಾಗಿ ಕಾವಲು ಕಾಯುವ ಶೇತಸನದಿ ವರ್ಗದವನೇ. ಹೊಸ ಆಡಳಿತಕ್ಕೆ ಬೇಡವಾದ ಆಯುಧಧಾರಿಗಳ ಸಾಲಿನವನೇ. ಹಲಗಲಿಯ ಮರುವರ್ಷ, 1858ರ ಮೇ ತಿಂಗಳಲ್ಲಿ, ಮುಂಡರಗಿಯ ಭೀಮರಾಯನು ಹಮ್ಮಿಗಿಯಲ್ಲಿ ಅಧಿಕಾರಿಗಳು ಮುದ್ರೆಯೊತ್ತಿ ಕಾವಲಿಟ್ಟಿದ್ದ ಶಸ್ತ್ರಗಳನ್ನು ಕಸಿದುಕೊಂಡು ಬಂಡಾಯಕ್ಕಿಳಿದನು. ಸರಕಾರದ ವಶವಾದ ಆಯುಧವನ್ನು ಮರಳಿ ವಶಪಡಿಸಿಕೊಂಡು ಸರಕಾರದ ಮೇಲೆಯೇ ತಿರುಗಿಸಿದ ಸ್ಪಷ್ಟ ಉದಾಹರಣೆ ಇದು. ಕೆಲವೇ ದಿನಗಳಲ್ಲಿ, ಜೂನ 1ರಂದು, ಕೊಪ್ಪಳದ ಕೋಟೆಯಲ್ಲಿ ಆತನು ಹತನಾದನು. ನರಗುಂದದ ಬಾಬಾಸಾಹೇಬನ ಬಂಡಾಯವೂ ಅದೇ ಬೇಸಿಗೆಯದು. ಜಮಖಂಡಿಯ ಪಟವರ್ಧನ ಸಂಸ್ಥಾನಿಕನ ಮೇಲೂ ಆ ವರ್ಷ ಸರಕಾರದ ಸಂಶಯದ ಕಣ್ಣು ಬಿದ್ದು ಆತನನ್ನು ಬೆಳಗಾವಿಯಲ್ಲಿ ಬಂಧನದಲ್ಲಿಡಲಾಯಿತು.

ಇವುಗಳ ನಡುವೆ ಹಲಗಲಿಯ ವಿಶೇಷವೇನು? ರಾಯಣ್ಣ, ಭೀಮರಾಯ, ಬಾಬಾಸಾಹೇಬರ ಬಂಡಾಯಗಳ ಹಿಂದೆ ದತ್ತಕದ ಪ್ರಶ್ನೆಯೋ ಗಾದಿಯ ಪ್ರಶ್ನೆಯೋ ಭೂಮಿಯ ಪ್ರಶ್ನೆಯೋ ಇತ್ತು. ಹಲಗಲಿಯಲ್ಲಿ ಗಾದಿಯಿಲ್ಲ, ರಾಣಿಯಿಲ್ಲ, ಮರಳಿ ಪಡೆಯಬೇಕಾದ ರಾಜ್ಯವೂ ಇಲ್ಲ. ಅಲ್ಲಿಯ ಜನರು ಯಾವುದನ್ನೂ ಕೇಳಲಿಲ್ಲ. ಇದ್ದುದನ್ನು ಕೊಡುವುದಿಲ್ಲ ಎಂದರು. ಅವರ ದೊರೆಯಾದ ಘೋರ್ಪಡೆಯು ಅವರ ಬೆಂಬಲಕ್ಕೆ ನಿಲ್ಲಲಿಲ್ಲ. ಲಾವಣಿಯು ಮುಧೋಳದ ಅರಸನನ್ನು ಬಿಟ್ಟು ನೇರವಾಗಿ ವಿಲಾತಿಯನ್ನು ಹೆಸರಿಸುವುದರಲ್ಲಿ ರಾಜಕೀಯ ವಿವೇಕವಿದೆ. ಹುಕುಮನ್ನು ಓದಿದವನು ಸಂಸ್ಥಾನದ ಕಾರಕೂನ. ಆದರೆ ಹುಕುಂ ಹೊರಟ ಜಾಗ ಬೇರೆ ಎಂಬುದು ಹಾಡುಗಾರನಿಗೆ ಗೊತ್ತಿತ್ತು. ನಾಲ್ಕು ಒಡೆತನಗಳಲ್ಲಿ ಹಂಚಿಹೋಗಿದ್ದ ಸೀಮೆಯ ಮೇಲೆ ಒಂದೇ ಆಜ್ಞೆ ಚಾಚಿದಾಗ, ಆ ಗಡಿಗಳು ಎಷ್ಟು ಪೊಳ್ಳು ಎಂಬುದೂ ಅದರೊಡನೆಯೇ ಬಯಲಾಯಿತು.

ಕುಮಾರವ್ಯಾಸನ ಭಾರತವನ್ನು ಕೇಳಿ ಬೆಳೆದ ಈ ನಾಡಿಗೆ ಆಯುಧವನ್ನು ಕೆಳಗಿಡುವ ಕಥೆ ಅಪರಿಚಿತವಲ್ಲ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ಬನ್ನಿಯ ಮರದಲ್ಲಿ ಇಟ್ಟು ಹೋಗುತ್ತಾರೆ. ಆದರೆ ಅದು ಮರಳಿ ಪಡೆಯುವ ಕರಾರಿನ ಮೇಲೆ. ವರುಷ ತುಂಬಿದಾಗ ಅರ್ಜುನನು ಅದೇ ಮರದಿಂದ ಗಾಂಡೀವವನ್ನು ಇಳಿಸಿಕೊಳ್ಳುತ್ತಾನೆ. ಪ್ರತಿ ವರುಷ ಬನ್ನಿ ಮುಡಿಯುವ ಜನರಿಗೆ ಆಯುಧವನ್ನು ಒಪ್ಪಿಸುವುದಕ್ಕೆ ಇದ್ದ ಮಾದರಿ ಇದೊಂದೇ. ಕುಂಪಣಿಯ ಹುಕುಮಿನಲ್ಲಿ ಬನ್ನಿಯ ಮರವಿರಲಿಲ್ಲ. 1857ರ ಕಾಯಿದೆಯ ಜಾಗಕ್ಕೆ 1878ರಲ್ಲಿ ಹೆಚ್ಚು ಬಿಗಿಯಾದ ಶಸ್ತ್ರ ಕಾಯಿದೆ ಬಂದಿತು.

ಕೊನೆಯದಾಗಿ ಫ್ಲೀಟನ ವಿಷಯ. ಆತ ಮುಂಬಯಿ ಪ್ರಾಂತದ ಸಿವಿಲ್ ಸೇವೆಯ ಅಧಿಕಾರಿ. ಹುಕುಂ ಹೊರಡಿಸಿದ ವ್ಯವಸ್ಥೆಯ ಕಚೇರಿಯಲ್ಲಿಯೇ ಕುಳಿತವನು. ಕದಂಬ, ಚಾಲುಕ್ಯ, ರಾಷ್ಟ್ರಕೂಟರ ಶಾಸನಗಳಿಗೆ ಕೊಟ್ಟ ಶ್ರದ್ಧೆಯನ್ನೇ ಈ ಬೀದಿಯ ಹಾಡಿಗೂ ಕೊಟ್ಟು, ಮೂಲ ಕನ್ನಡ ಪಾಠವನ್ನು ಅನುವಾದದೊಡನೆ ಅಚ್ಚುಹಾಕಿಸಿದನು. ದಂಗೆಗೂ ಮುದ್ರಣಕ್ಕೂ ನಡುವೆ ಮೂರು ದಶಕಗಳ ಅಂತರ. ನಿರುಪದ್ರವಿಯಾದ ಮೇಲೆ ಸಂಗ್ರಹಾಲಯದಲ್ಲಿ ತೂಗುಹಾಕುವ ಕತ್ತಿಯಂತೆ ಲಾವಣಿಯೂ ಆ ಪತ್ರಿಕೆಯ ಪುಟಗಳನ್ನು ಸೇರಿತು ಎಂದು ವಾದಿಸಬಹುದು. ಆ ವಾದವನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಪೂರ್ತಿಯಾಗಿ ಒಪ್ಪುವಂತೆಯೂ ಇಲ್ಲ. ಮುಂದೆ ಕನ್ನಡದ ಸಂಗ್ರಾಹಕರೂ ಪಠ್ಯಪುಸ್ತಕಗಳೂ ಲಾವಣಿಯನ್ನು ಎತ್ತಿಕೊಂಡದ್ದು ಆ ಅಚ್ಚಿನ ಆಧಾರವಿದ್ದುದರಿಂದಲೇ. ಅಧಿಕಾರಿಯು ತನ್ನ ವಿದ್ವತ್ತಿನ ಸಂಗ್ರಹಕ್ಕೆಂದು ತೆಗೆದಿಟ್ಟ ಪಾಠದಲ್ಲಿ ಕೊಡಲಿಯಿಂದ ಬೀಸುಕಲ್ಲಿನವರೆಗಿನ ಆ ಪಟ್ಟಿಯೂ ಒಂದು ಹೆಸರು ಬಿಡದೆ ಅಚ್ಚಾಯಿತು. ಮೇಲಿನ ಓದಿಗೂ ಆಧಾರ ಅದೇ ಪಾಠ.